ಪುಟ್ಟಬಸಪ್ಪನವರ ಬಾಯಲ್ಲಿ ಹುಳದ ಮನೆ

ಬಿಳಿಗುಂಡಿಯ ಪುಟ್ಟಬಸಪ್ಪನವರಿಗೆ ಎರಡು ಗುಣಗಳಿದ್ದವು. ಯಾವುದಾದರೂ ಒಂದೇ ಇದ್ದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಎರಡೂ ಒಬ್ಬರಲ್ಲೇ ಸೇರಿಕೊಂಡದ್ದು ಊರಿನ ಗ್ರಹಚಾರ. ಮೊದಲನೆಯದು, ಅವರು ಏನು ಹೇಳುವುದಿದ್ದರೂ ಕಿವಿಯಲ್ಲಿ ಹೇಳುತ್ತಿದ್ದರು. ಗುಟ್ಟಿನ ಮಾತಾದರೆ ಹೋಗಲಿ, "ಇವತ್ತು ಬಿಸಿಲು ಜಾಸ್ತಿ" ಎನ್ನುವುದನ್ನೂ ಅತ್ತ ಇತ್ತ ನೋಡಿ, ಹೆಗಲ ಮೇಲೆ ಕೈಹಾಕಿ, ಕೆನ್ನೆಗೆ ಕೆನ್ನೆ ತಾಗುವಂತೆ ಬಗ್ಗಿ ಹೇಳುತ್ತಿದ್ದರು. ಎರಡನೆಯದು, ಅವರ ಬಾಯಿ ನಾರುತ್ತಿತ್ತು.

ಬೆಳಗ್ಗೆ ಎದ್ದಾಗ ಎಲ್ಲರ ಬಾಯೂ ಒಂದಿಷ್ಟು ನಾರುತ್ತದಲ್ಲ, ಇದು ಆ ಜಾತಿಯದಲ್ಲ. ಇದಕ್ಕೆ ಹೊತ್ತುಗೊತ್ತು ಇರಲಿಲ್ಲ. ಆದರೂ ಊರಲ್ಲಿ ಒಬ್ಬರೂ ಅವರ ಮುಂದೆ ಬಾಯಿಬಿಟ್ಟಿರಲಿಲ್ಲ. ಹೇಗೆ ಬಿಡುತ್ತಾರೆ? ಬಿಳಿಗುಂಡಿ ರೇಷ್ಮೆಹುಳ ಸಾಕುವ ಊರು. ಗೂಡು ಕಟ್ಟುವ ಮುಂಚಿನ ದಿನಗಳಲ್ಲಿ ಹುಳಗಳು ಹಗಲೂ ಇರುಳೂ ಮೇಯುತ್ತವೆ, ಎಷ್ಟು ಸೊಪ್ಪು ತಂದರೂ ಸಾಲದು. ಅಂಥ ಹೊತ್ತಿನಲ್ಲಿ ಯಾರು ಕೈಚಾಚಿ ಬಂದರೂ ಪುಟ್ಟಬಸಪ್ಪನವರು ತಮ್ಮ ಹಿಪ್ಪುನೇರಳೆ ತೋಟಕ್ಕೆ ಕರೆದೊಯ್ದು, "ಕೊಯ್ಕಳಿ, ನಾಚ್ಕಬ್ಯಾಡಿ" ಎಂದು ಕಿವಿಯಲ್ಲಿ ಹೇಳುತ್ತಿದ್ದರು. ಅಂಥ ಧರ್ಮಾತ್ಮನಿಗೆ "ನಿಮ್ಮ ಬಾಯಿ ನಾರುತ್ತೆ" ಎನ್ನಲು ಯಾವ ಕಲ್ಲೆದೆಯವನಿಗೆ ಮನಸ್ಸು ಬಂದೀತು?

ಆದ್ದರಿಂದ ಊರು ತನ್ನ ಪಾಡಿಗೆ ತಾನು ಉಪಾಯ ಮಾಡಿಕೊಂಡಿತ್ತು. ಕ್ಷೌರದ ಮಹದೇವು ಅವರ ಮುಖಕ್ಷೌರವನ್ನು ಬೆನ್ನ ಹಿಂದೆ ನಿಂತೇ ಮಾಡುವ ವಿದ್ಯೆ ಕಲಿತಿದ್ದ. ಗ್ರಾಮದ ಮುನಸೀಪ ದೊಡ್ಡಸಿದ್ದಯ್ಯನವರು ಒಂದು ದಿನ ತಮಗೆ ಎಡಗಿವಿ ಕೇಳುವುದಿಲ್ಲ ಎಂದು ಹೇಳಿನೋಡಿದರು. ಪುಟ್ಟಬಸಪ್ಪನವರು ಪಾಪ, ಬಲಗಿವಿಗೆ ಬಂದರು. ಅದೂ ಕೇಳುವುದಿಲ್ಲ ಎನ್ನಬೇಕಾಯಿತು. ಆವತ್ತಿನಿಂದ ಮುನಸೀಪರು ಇಡೀ ಊರಿಗೆ ಕಿವುಡರಾಗಿ, ಮನೆಯಲ್ಲಿ ಹೆಂಡತಿಯ ಹತ್ತಿರ ಮಾತ್ರ ಮೆಲ್ಲಗೆ ಮಾತಾಡಿಕೊಂಡು ಕಾಲ ಹಾಕುತ್ತಿದ್ದರು. ಪುಟ್ಟಬಸಪ್ಪನವರ ಹೆಂಡತಿ ವೀರಮ್ಮನಿಗಂತೂ ಗಂಡ ಮಾತಿಗೆ ಬಂದಾಗಲೆಲ್ಲ ಒಲೆಯ ಮೇಲೆ ಏನಾದರೂ ಉಕ್ಕುತ್ತಲೇ ಇರುತ್ತಿತ್ತು.

ಹೀಗೆಯೇ ನಡೆದುಹೋಗುತ್ತಿತ್ತೇನೋ. ಆದರೆ ಮಗಳು ಚನ್ನಾಜಮ್ಮ ಮದುವೆಗೆ ಬಂದಳು.

ಅದು ದೊಡ್ಡ ಯುದ್ಧದ ಕಾಲ. ಕೊಳ್ಳೇಗಾಲ ಆಗ ಮದರಾಸಿನವರ ಕೈಕೆಳಗಿತ್ತು, ಪಕ್ಕದ ಯಳಂದೂರು ಮೈಸೂರು ಸೀಮೆ. ಯಳಂದೂರಿನ ಸದಾಶಿವಪ್ಪನವರ ಮಗ ಷಡಕ್ಷರಿ ಅಲ್ಲಿನ ಕಚೇರಿಯಲ್ಲಿ ಗುಮಾಸ್ತೆ. ಈ ಸಂಬಂಧ ತಂದವರು ವೀರಮ್ಮನ ತಮ್ಮ, ಕೊಳ್ಳೇಗಾಲದ ರೇಷ್ಮೆಗೂಡಿನ ವ್ಯಾಪಾರಿ ಕೆಂಪನಂಜಪ್ಪ. ಹೆಣ್ಣು ನೋಡುವುದಕ್ಕೆ ಗಾಡಿ ಕಟ್ಟಿಕೊಂಡು ಬಂದರು. ಹುಡುಗ ಹುಡುಗಿಯನ್ನು ನೋಡಿದ. ಹುಡುಗಿ ನೆಲ ನೋಡುವ ಹಾಗೆ ಮಾಡಿ ಹುಡುಗನನ್ನು ನೋಡಿದಳು. ಹಿಂದೆ ಬಂದ ಗಂಡುಗಳಿಗೆಲ್ಲ ಮೂತಿ ತಿರುವಿದ್ದ ಚನ್ನಾಜಮ್ಮ ಒಳಗೆ ಹೋದವಳೇ ತಾಯಿಯ ಸೆರಗು ಹಿಡಿದು, "ಇವ್ರೇ ಆಗ್ಲಿ ಕನವ್ವ" ಎಂದುಬಿಟ್ಟಳು. ವೀರಮ್ಮನಿಗೆ ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ಪಾಯಸಕ್ಕೆ ಬೆಲ್ಲ ಇನ್ನೊಂದು ಹಿಡಿ ಹಾಕಿದರು.

ನಮ್ಮ ಕಡೆ ಒಂದು ರೂಢಿ. ಹೆಣ್ಣು ನೋಡಲು ಬಂದವರು ಒಪ್ಪಿದರೆ ಮಾತ್ರ ಆ ಮನೆಯಲ್ಲಿ ಎಲೆಯ ಮುಂದೆ ಕೂರುತ್ತಾರೆ. ಒಪ್ಪದಿದ್ದರೆ ಕಾರಣ ಹೇಳುವುದಿಲ್ಲ, ಕೇಳುವುದೂ ಇಲ್ಲ. ಕೆಲಸವಿದೆ ಎಂದು ಎದ್ದುಹೋಗುತ್ತಾರೆ. ಇತ್ತ ಎಲೆ ಹಾಕುತ್ತಿದ್ದರು. ಅಷ್ಟರಲ್ಲಿ ಪುಟ್ಟಬಸಪ್ಪನವರು ಪ್ರೀತಿ ಉಕ್ಕಿ ಬಂದು, ಸದಾಶಿವಪ್ಪನವರ ಪಕ್ಕದಲ್ಲಿ ಕೂತು, ಹೆಗಲ ಮೇಲೆ ಕೈಹಾಕಿ, ಕಿವಿಗೆ ಬಗ್ಗಿ ತಮ್ಮ ವಂಶದ ಕಥೆಯನ್ನು ಮುತ್ತಾತನಿಂದ ಶುರುಮಾಡಿದರು.

ತಾತನವರೆಗೂ ಬರಲಿಲ್ಲ. ಸದಾಶಿವಪ್ಪನವರು ದಡಕ್ಕನೆ ಎದ್ದರು. "ಊರಲ್ಲಿ ವಸಿ ಕೆಲ್ಸ ಅದ" ಎಂದವರೇ ಮೆಟ್ಟು ಮೆಟ್ಟಿ ಹೊರಟೇಬಿಟ್ಟರು. ಷಡಕ್ಷರಿ ಬಾಗಿಲ ಕಡೆ ಎರಡು ಸಲ ತಿರುಗಿ ನೋಡಿಕೊಂಡು ಅಪ್ಪನ ಹಿಂದೆ ಹೋದ.

ಕೆಂಪನಂಜಪ್ಪ ಗಾಡಿಯ ಹಿಂದೆ ಓಡಿದರು. "ಬುದ್ದಿ, ಏನ್ ತಪ್ಪಾಯ್ತು?"

"ತಪ್ಪೇನಿಲ್ಲ ಕನಪ್ಪ. ಹುಡ್ಗಿ ಲಕ್ಷಣವಾಗವ್ಳ. ನಮ್ಮುಡ್ಗನೂ ಒಪ್ಪವ್ನ. ಆದ್ರ ಆವಪ್ಪನ ಬಾಯಿ..." ಸದಾಶಿವಪ್ಪನವರು ಗಾಡಿಯ ಗೂಟ ಹಿಡಿದು ಉಸಿರು ಎಳೆದುಕೊಂಡರು. "ಅದು ವಂಶದಲ್ಲಿ ಬಂದಿದ್ದು ಅಂದ್ರ ಏನ್ ಮಾಡದು? ನಾಳ ಮಗಳ್ಗೂ ಬತ್ತದ, ಮೊಮ್ಮಕ್ಕಳ್ಗೂ ಬತ್ತದ. ನಮ್ಮನ ಪಡಸಾಲ ಚಿಕ್ಕದು."

"ಅದ್ನ ವಾಸಿ ಮಾಡುಸ್ತೀನಿ ಬುದ್ದಿ, ನನ್ನ ತಲ ಮ್ಯಾಲಿರ್ಲಿ. ಬರೋ ಸೋಮ್ವಾರ ಒಂದ್ಸಲ ಬಂದು ನೋಡಿ."

"ಬತ್ತೀನಿ. ಆವತ್ತೂ ಹಿಂಗೇ ಇದ್ರ ಈ ಮಾತ ಅಲ್ಲಿಗೇ ಬುಟ್ಬುಡದು. ಅಗರದಲ್ಲಿ ಇನ್ನೊಂದು ಹೆಣ್ಣು ನೋಡಿವ್ನಿ."

ಹೀಗೆ ವೀರಾವೇಶದಿಂದ ಮಾತು ಕೊಟ್ಟ ಕೆಂಪನಂಜಪ್ಪ ಬಾವನ ಮುಂದೆ ಬಂದು ನಿಂತ ತಕ್ಷಣ ತಣ್ಣಗಾದರು. ಬಾವ ಜಗಲಿಯ ಮೇಲೆ ಮಗುವಿನ ಹಾಗೆ ಮುಖ ಮಾಡಿಕೊಂಡು ಕೂತಿದ್ದರು. ಅಂಥವರಿಗೆ ಹೇಗೆ ಹೇಳುವುದು? ನಾಲಗೆ ತಾನೇ ತಾನಾಗಿ ಬೇರೆ ದಾರಿ ಹಿಡಿಯಿತು.

"ಏನಿಲ್ಲ ಬಾವ. ಅದು... ಮನೇಲಿ ಏನೋ ವಾಸ್ನ ಬತ್ತದಂತ."

"ಮನೇಲಾ!" ಎಂದರು ಪುಟ್ಟಬಸಪ್ಪ.

ಮನೆ ಎಂದಮೇಲೆ ಕೇಳಬೇಕೆ? ಮರುದಿನ ಬೆಳಗಾಗುವುದರೊಳಗೆ ಹುಳದ ತಟ್ಟೆಗಳೆಲ್ಲ ದನದ ಕೊಟ್ಟಿಗೆಗೆ ಹೋದವು. ಎತ್ತುಗಳು ಬೀದಿಗೆ ಬಂದವು. ಚರಂಡಿ ತೋಡಿದರು, ಗೋಡೆಗೆ ಸುಣ್ಣ ಬಳಿದರು, ಸೆಗಣಿ ಸಾರಿಸಿದರು, ಸಾಂಬ್ರಾಣಿ ಹಾಕಿದರು. ಆಮೇಲೆ ಪುಟ್ಟಬಸಪ್ಪನವರು ನೆರೆಯವರನ್ನು ಒಬ್ಬೊಬ್ಬರಾಗಿ ಒಳಗೆ ಕರೆದು ತಂದು, ಹೆಗಲ ಮೇಲೆ ಕೈಹಾಕಿ, ಕಿವಿಯಲ್ಲಿ ಕೇಳಿದರು: "ನಿಜ ಯೋಳಿ. ಈಗ ವಾಸ್ನ ಬತ್ತಿದ್ದದಾ?"

ಸುಳ್ಳು ಹೇಳಲಾರದೆ, ನಿಜ ಹೇಳಲಾರದೆ ಅವರೆಲ್ಲ ಒಂದೇ ಮಾತು ಹೇಳಿದರು: "ಈಗ... ಬತ್ತದ ಕನ್ರಪ್ಪ."

ನಡುಮನೆಯಲ್ಲಿ ಕೇಳಿದರೆ ನಡುಮನೆಯಲ್ಲಿ ಬರುತ್ತದೆ. ಹಿತ್ತಿಲಲ್ಲಿ ಕೇಳಿದರೆ ಹಿತ್ತಿಲಲ್ಲಿ ಬರುತ್ತದೆ. ಬಾವಿಕಟ್ಟೆಯ ಮೇಲೆ ನಿಂತು ಕೇಳಿದರೆ ಅಲ್ಲೂ ಬರುತ್ತದೆ. ಪುಟ್ಟಬಸಪ್ಪನವರಿಗೆ ಗಾಬರಿಯಾಯಿತು. ಈ ವಾಸನೆ ನಿಂತಲ್ಲಿ ನಿಲ್ಲುವ ವಾಸನೆಯಲ್ಲ, ಮನೆಯೆಲ್ಲ ಓಡಾಡುವ ವಾಸನೆ! ಓಡಾಡಬೇಕಾದರೆ ಅದು ಮೇಲಿಂದ ಇಳಿಯುತ್ತಿರಬೇಕು ಎಂದು ಅಟ್ಟ ಹತ್ತಿ ಹೆಂಚು ತೆಗೆಸಿದರು. ಅಲ್ಲಿ ಸಿಕ್ಕಿತು, ಒಂದು ಸತ್ತ ಇಲಿ.

ಅದನ್ನು ಬಾಲ ಹಿಡಿದೆತ್ತಿ, ಯುದ್ಧದಲ್ಲಿ ಗೆದ್ದುಬಂದವರಂತೆ ಜಗಲಿಗೆ ಬಂದು ಎಲ್ಲರಿಗೂ ತೋರಿಸಿದರು. ಸಮಾಧಾನದಿಂದ ಮನೆಗೆ ಹೋಗಬೇಕಾದ ಜನ ಬಿದ್ದೆನೋ ಎದ್ದೆನೋ ಎಂದು ಓಡಿದರು. ಆ ಕಾಲದಲ್ಲಿ ಸತ್ತ ಇಲಿ ಎಂದರೆ ಪ್ಲೇಗು. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಬೇಕು. ಗುಡಿಸಲು ಹಾಕಿದರೆ ಹುಳ ಸತ್ತಹಾಗೆ, ಹುಳ ಸತ್ತರೆ ವರ್ಷದ ಅನ್ನ ಹೋದಹಾಗೆ. ಹೆಂಗಸರು ಪಾತ್ರೆ ಪಗಡೆ ಮೂಟೆ ಕಟ್ಟಿದರು. ಕಿವುಡರಾದ ಮುನಸೀಪರು ಬೀದಿಯ ಕೊನೆಯಲ್ಲಿ ಯಾರೋ "ಇಲಿ" ಎಂದದ್ದನ್ನು ಕೇಳಿಸಿಕೊಂಡು ಕೊಳ್ಳೇಗಾಲಕ್ಕೆ ಆಳು ಓಡಿಸಿದರು.

ಸಂಜೆಯೊಳಗೆ ಪ್ಲೇಗಿನ ಡಾಕ್ಟರು ಬಂದರು. ಕೊಯಮತ್ತೂರು ಕಡೆಯ ತಮಿಳರು, ದಪ್ಪ ಕನ್ನಡಕ, ತಲೆಯ ಮೇಲೆ ಬೆತ್ತದ ಟೊಪ್ಪಿ, ಬಾಯಲ್ಲಿ ಗುದ್ದಾಡುವಂಥ ಕನ್ನಡ. ಇಲಿಯನ್ನು ಕಡ್ಡಿಯಿಂದ ತಿರುಗಿಸಿ ನೋಡಿದರು.

"ಇದು ಪ್ಲೇಗ್ ಇಲ್ಲ. ಇದು ಹೋಗಿ ಎಷ್ಟೋ ಕಾಲ ಆಯಿತು. ಒಣಗಿ ಹಪ್ಪಳ ಆಗಿದೆ. ಯಾರಯ್ಯ ಗಲಾಟೆ ಮಾಡಿದ್ದು?"

ಊರಿಗೆ ಹೋದ ಜೀವ ಬಂತು. ಆದರೆ ಪುಟ್ಟಬಸಪ್ಪನವರ ಎದೆ ಒಡೆಯಿತು. ಇಲಿ ಒಣಗಿದ್ದರೆ ವಾಸನೆ ಯಾವುದರದು? ಅವರು ಡಾಕ್ಟರ ಹತ್ತಿರ ಸರಿದು, ಅತ್ತ ಇತ್ತ ನೋಡಿ, ಹೆಗಲ ಮೇಲೆ ಕೈಹಾಕಿದರು. ಜನ ಉಸಿರು ಬಿಗಿಹಿಡಿದು ನಿಂತರು. ಮಹದೇವು ಕಣ್ಣು ಮುಚ್ಚಿಕೊಂಡ.

"ಸಾ," ಎಂದರು ಪುಟ್ಟಬಸಪ್ಪ ಕಿವಿಯಲ್ಲಿ, "ಹಂಗಾದ್ರ ಈ ವಾಸ್ನ ಎಲ್ಲಿಂದ ಬತ್ತದ ಸಾ?"

ಡಾಕ್ಟರು ಒಂದು ಮಾರು ಹಿಂದಕ್ಕೆ ಹಾರಿದರು. ಟೊಪ್ಪಿ ಕೆಳಗೆ ಬಿತ್ತು.

"ಐಯೋ! ನಿನ್ನ ಬಾಯಿಂದ ಬರುತ್ತೆ ಅಯ್ಯಾ! ಇಷ್ಟು ಜನ ಇದ್ದೀರಿ, ಒಬ್ಬರೂ ಹೇಳಿಲ್ಲವಾ ಇವನಿಗೆ?"

ಪುಟ್ಟಬಸಪ್ಪನವರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಒಬ್ಬ ಆಕಾಶ ನೋಡಿದ, ಇನ್ನೊಬ್ಬ ಕಾಲುಂಗುಷ್ಠ ನೋಡಿಕೊಂಡ. ವೀರಮ್ಮ ಬಾಗಿಲ ಹಿಂದೆ ಸೆರಗು ಬಾಯಿಗೆ ತುರುಕಿಕೊಂಡಿದ್ದರು. ಕೆಂಪನಂಜಪ್ಪ ಅಲ್ಲಿರಲೇ ಇಲ್ಲ.

ಡಾಕ್ಟರಿಗೂ ಕೆಟ್ಟೆನಿಸಿತೋ ಏನೋ, ದೂರದಲ್ಲೇ ನಿಂತು ಸಮಾಧಾನದ ದನಿಯಲ್ಲಿ ಹೇಳಿದರು. "ನೋಡು, ನಾಚಿಕೆ ಬೇಡ. ಎಲ್ಲರ ಬಾಯಲ್ಲೂ ಕಣ್ಣಿಗೆ ಕಾಣದ ಕ್ರಿಮಿ ಇರುತ್ತೆ. ನನ್ನ ಬಾಯಲ್ಲೂ ಇದೆ. ಕೋಟಿ ಕೋಟಿ. ಹಲ್ಲು ಸಂದಿಯಲ್ಲಿ, ನಾಲಗೆ ಹಿಂದೆ ಕೂತಿರುತ್ತೆ. ನೀನು ಉಂಡಿದ್ದು ಮಿಕ್ಕಿರುತ್ತಲ್ಲ, ಅದನ್ನ ತಿನ್ನುತ್ತೆ. ತಿಂದು ಗಂಧಕದ ಥರ ಗಾಳಿ ಬಿಡುತ್ತೆ. ಅದೇ ಈ ವಾಸನೆ. ವಂಶದ ಕಾಯಿಲೆ ಇಲ್ಲ, ಪಾಪಶಾಪ ಇಲ್ಲ. ಹಲ್ಲು ಉಜ್ಜು, ನಾಲಗೆ ಹಿಂದಿನವರೆಗೆ ಹೆರಿ, ಉಂಡ ಮೇಲೆ ಉಪ್ಪುನೀರಲ್ಲಿ ಮುಕ್ಕಳಿಸು. ಅಷ್ಟೇ." ಟೊಪ್ಪಿ ಎತ್ತಿಕೊಂಡು ಹೊರಟುಹೋದರು.

ಬೇರೆ ಊರಿನವರಾಗಿದ್ದರೆ ಡಾಕ್ಟರು ಹೇಳಿದಂತೆ ಮಾಡಿ ಸುಖವಾಗಿರುತ್ತಿದ್ದರು. ಆದರೆ ಪುಟ್ಟಬಸಪ್ಪನವರು ಹುಟ್ಟಿದಾರಭ್ಯ ಹುಳ ಸಾಕಿದವರು. ತಿನ್ನುವ, ಹಿಕ್ಕೆ ಹಾಕುವ, ಕೋಟಿಗಟ್ಟಲೆ ಸಣ್ಣ ಜೀವ ಎಂದರೆ ಏನೆಂದು ಅವರಿಗೆ ಬೇರೆಯವರು ಹೇಳಿಕೊಡಬೇಕೆ? ಜಗಲಿಯ ಮೇಲೆ ಕೂತು ಯೋಚಿಸಿದಷ್ಟೂ ಡಾಕ್ಟರ ಮಾತು ಅವರಿಗೆ ಶುದ್ಧ ತಲೆಹರಟೆಯಾಗಿ ಕಂಡಿತು.

"ಅಲ್ಲ ಕನಾ," ಎಂದು ಒಳಗಿದ್ದ ಹೆಂಡತಿಗೆ ಹೇಳಿದರು, ಅದೂ ಬಾಯಿಗೆ ವಸ್ತ್ರ ಹಿಡಿದುಕೊಂಡು. "ಹುಳದ ತಟ್ಟ ದಿನಾ ಚೊಕ್ಕಟ ಮಾಡಿದ್ರ ಏನಾಯ್ತದ? ಹುಳ ಪಸಂದಾಗಿ ಬೆಳೀತವ. ಈವಯ್ಯ ಬಾಯ ಚೊಕ್ಕಟ ಮಾಡು ಅಂತನಲ್ಲ, ಇವ್ನೇನು ಹುಳ ಕೊಲ್ಲಾಕ ಬಂದಿದ್ನೋ ಸಾಕಾಕ ಬಂದಿದ್ನೋ?"

"ಅವ್ರು ಓದ್ದೋರು, ಯೋಳ್ದಂಗ ಮಾಡಿ ಅಂದ್ರ."

"ಓದಿರ್ಬೌದು. ಒಂದು ತಟ್ಟ ಹುಳ ಸಾಕವ್ನಾ?"

ಇನ್ನು ಹುಳ ಸಾಯುವುದು ಯಾವುದರಿಂದ? ಬಿಳಿಗುಂಡಿಯಲ್ಲಿ ಅದು ಎಲ್ಲರಿಗೂ ಗೊತ್ತು. ಹುಳ ಇರುವ ಮನೆಯಲ್ಲಿ ಹೊಗೆಸೊಪ್ಪು ತರುವಂತಿಲ್ಲ, ಇಂಗಿನ ಒಗ್ಗರಣೆ ಹಾಕುವಂತಿಲ್ಲ, ಬೆಳ್ಳುಳ್ಳಿ ಜಜ್ಜುವಂತಿಲ್ಲ. ಘಾಟು ತಗುಲಿದರೆ ಹುಳ ತಲೆ ಎತ್ತಿ ಅಲ್ಲೇ ಒರಗಿಬಿಡುತ್ತವೆ. ಸರಿ, ಪುಟ್ಟಬಸಪ್ಪನವರು ಮಾರನೆಯ ಬೆಳಗಿನಿಂದ ಒಂದು ದವಡೆಯಲ್ಲಿ ಹೊಗೆಸೊಪ್ಪು, ಇನ್ನೊಂದು ದವಡೆಯಲ್ಲಿ ಬೆಳ್ಳುಳ್ಳಿ, ನಾಲಗೆಯ ಮೇಲೆ ಇಂಗಿನ ಗಟ್ಟಿ ಇಟ್ಟುಕೊಂಡು ಬಾಯಿ ಬಿಗಿಯಾಗಿ ಮುಚ್ಚಿದರು. ಕಾಣದ ಜೀವಗಳನ್ನು ಕೊಲ್ಲುವುದು ಪಾಪವಲ್ಲವೇ ಎಂಬ ಪ್ರಶ್ನೆಯನ್ನು ಒಳಗೆ ಹುಳವಿರುವಾಗಲೇ ಗೂಡು ಬೇಯಿಸುವ ಆ ಊರಿನಲ್ಲಿ ಯಾರೂ ಎತ್ತಲಿಲ್ಲ.

ಹೊಗೆಸೊಪ್ಪಿನ ಅಭ್ಯಾಸವೇ ಇಲ್ಲದ ಮನುಷ್ಯ. ತಲೆ ಸುತ್ತಿತು, ಕಣ್ಣು ಕೆಂಪಗಾಯಿತು. ಕೊಟ್ಟಿಗೆಯಲ್ಲಿ ನಿಜವಾದ ಹುಳಗಳು ಹಣ್ಣಾಗಿ ಗೂಡು ಕಟ್ಟಲು ಸಜ್ಜಾಗುತ್ತಿದ್ದವು. ಆ ಬಾಯಿ ತೆಗೆದುಕೊಂಡು ಅತ್ತ ಸುಳಿಯಬೇಡಿ ಎಂದು ವೀರಮ್ಮ ಅವರನ್ನು ಜಗಲಿಗೇ ಕಟ್ಟಿಹಾಕಿದರು. ಮುಂಚೆ ಎರಡು ಮಾರು ದೂರಕ್ಕೆ ಬರುತ್ತಿದ್ದ ವಾಸನೆ ಈಗ ಬೀದಿಯ ತಿರುವಿನಲ್ಲೇ ಎದುರಾಗಿ ಬರಮಾಡಿಕೊಳ್ಳುತ್ತಿತ್ತು. ಒಳಗೆ ಚನ್ನಾಜಮ್ಮ ಹೂ ಕಟ್ಟುತ್ತಿದ್ದಳು. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಅವಳನ್ನು ನೋಡಿದಾಗಲೆಲ್ಲ ಪುಟ್ಟಬಸಪ್ಪನವರು ಇನ್ನೊಂದು ಎಸಳು ಬೆಳ್ಳುಳ್ಳಿ ದವಡೆಗೆ ಸೇರಿಸುತ್ತಿದ್ದರು.

ಸೋಮವಾರ ಬಂತು. ಗಾಡಿಯೂ ಬಂತು. ಸದಾಶಿವಪ್ಪನವರು, ಷಡಕ್ಷರಿ, ಹಿಂದೆ ಬೆವರು ಒರೆಸಿಕೊಳ್ಳುತ್ತ ಕೆಂಪನಂಜಪ್ಪ. ಏನು ಗಮ್ಮತ್ತು ನಡೆಯುತ್ತದೋ ಎಂದು ಊರೆಲ್ಲ ತಮ್ಮ ತಮ್ಮ ಜಗಲಿಗೆ ಬಂದು ಏನೋ ಕೆಲಸವಿದ್ದವರಂತೆ ನಿಂತಿತು. ಪುಟ್ಟಬಸಪ್ಪನವರು ಹೆಗಲ ಮೇಲಿನ ವಲ್ಲಿಯನ್ನು ಬಾಯಿಗೆ ಬಿಗಿದುಕೊಂಡು, ಎದ್ದು ನಿಂತು, ಕೈಮುಗಿದರು.

"ಚೆನ್ನಾಗಿದ್ದೀರಾ ಬೀಗ್ರೆ?" ಎಂದರು ಸದಾಶಿವಪ್ಪ.

ಪುಟ್ಟಬಸಪ್ಪ ತಲೆಯಾಡಿಸಿದರು.

"ಮಳ ಬೆಳ ಹೆಂಗದ?"

ತಲೆಯಾಡಿಸಿದರು.

"ಮದ್ವ ಮಾತು ಆಡುಮ ಅಂತ ಬಂದ್ವಿ. ತಾವೇನಂತೀರಿ?"

ಅದಕ್ಕೂ ತಲೆಯೇ ಆಡಿತು. ಅದು ಹೌದೋ ಅಲ್ಲವೋ ಎಂದು ಯಾರಿಗೂ ತಿಳಿಯಲಿಲ್ಲ.

"ಬಾವುನ್ಗ ಹಲ್ಲುನೋವು," ಎಂದರು ಕೆಂಪನಂಜಪ್ಪ ನಡುವೆ ಬಂದು.

ಸದಾಶಿವಪ್ಪನವರ ಮುಖ ಕೆಂಪೇರಿತು. ಹೊಗೆಸೊಪ್ಪು, ಬೆಳ್ಳುಳ್ಳಿ, ಇಂಗು ಮೂರೂ ಒಟ್ಟಿಗೆ ಅಷ್ಟರಲ್ಲಿ ಅವರನ್ನು ತಲುಪಿದ್ದವು. "ಹಲ್ಲುನೋವಲ್ಲ ಕನಯ್ಯ, ಕೊಬ್ಬು! ಬ್ಯಾಡ ಅಂತ ಹೋದವ್ನು ನಾನು. ಮರ್ವಾದಿ ಬುಟ್ಟು ಎರಡ್ನೇ ಸಲ ಬಂದ್ರ ಬಾಯ್ಬುಟ್ಟು ಕೂತ್ಕಳಿ ಅನ್ನಾಕಿಲ್ಲ. ಹೆಣ್ಣು ಕೊಡಾಕ ಇಷ್ಟಿಲ್ಲ ಅಂದ್ರ ಯೋಳ್ಬುಡಿ! ನಡೀಲಾ ಷಡಕ್ಷರಿ, ಗಾಡಿ ಹತ್ತು."

ಒಳಗಿಂದ ಕಿಟಕಿಯ ಹತ್ತಿರ ಬಳೆ ಸದ್ದಾಯಿತು. ಚನ್ನಾಜಮ್ಮ ಅಳುತ್ತಿದ್ದಳು.

ಆಗ ಪುಟ್ಟಬಸಪ್ಪನವರು ಓಡಿದರು. ಬೀಗರ ಕಡೆಗಲ್ಲ, ಅವರಿಂದ ದೂರಕ್ಕೆ! ಅಂಗಳ ದಾಟಿ, ಬೀದಿ ದಾಟಿ, ಎದುರಿನ ಹುಣಸೆಮರದ ತನಕ ಹೋಗಿ, ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಿಕೊಂಡು, ಇನ್ನೂ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರು. ವಲ್ಲಿ ಕಿತ್ತೆಸೆದರು. ದವಡೆಯಲ್ಲಿದ್ದದ್ದನ್ನೆಲ್ಲ ಥೂ ಎಂದು ಉಗಿದರು. ಹುಟ್ಟಿದಾಗಿನಿಂದ ಯಾರ ಹತ್ತಿರವೂ ಗಟ್ಟಿಯಾಗಿ ಮಾತಾಡದ ಮನುಷ್ಯ, ಊರ ಆ ತುದಿಗೆ ಕೇಳುವ ಹಾಗೆ ಕೂಗಿದರು:

"ಬೀಗ್ರೇ! ವಾಸ್ನ ಮನೇದಲ್ಲ, ನಂದು! ನನ್ನ ಬಾಯ್ದು! ಕೊಬ್ಬಲ್ಲ ಕನ್ರಪ್ಪ, ನಾಚ್ಕ! ವಂಶದಲ್ಲಿ ಬರೋದಲ್ಲ ಅಂತ ಡಾಕ್ಟ್ರು ಯೋಳವ್ರ. ಉಂಡ್ಮೇಲ ಬಾಯಿ ಸರ್ಯಾಗಿ ತೊಳೀದ ನಾನು ಕೆಟ್ಟಿವ್ನಿ, ನನ್ನ ಮಗ್ಳು ಏನು ತಪ್ಪು ಮಾಡವ್ಳ? ಅವ್ಳು ನಿಮ್ಮನೆಗೆ ಬರೋಳು, ನಾನು ಇಲ್ಲೇ ಇರೋನು! ನಾನು ನಿಮ್ಮ ಮನ ಹೊಸ್ಲು ತುಳಿಯಾಕಿಲ್ಲ. ಮಗಳ ನೋಡ್ಬೇಕು ಅನ್ಸಿದ್ರ ನಿಮ್ಮೂರ ಆಚ ಮರದಡಿ ನಿಂತ್ಕತೀನಿ. ಅವ್ಳು ನೀರ್ಗ ಬಂದಾಗ ದೂರದಿಂದ ನೋಡ್ಕಂಡು ಬತ್ತೀನಿ. ಅವ್ಳ ಬ್ಯಾಡ ಅನ್ಬ್ಯಾಡಿ!"

ಬೀದಿಯಲ್ಲಿ ಯಾರೂ ನಗಲಿಲ್ಲ. ಗಮ್ಮತ್ತು ನೋಡಲು ಬಂದಿದ್ದ ಮಹದೇವು ಗೋಡೆಯ ಕಡೆ ತಿರುಗಿ ನಿಂತ. ಮುನಸೀಪ ದೊಡ್ಡಸಿದ್ದಯ್ಯನವರು ತಾವು ಕಿವುಡರೆಂಬುದನ್ನು ಮರೆತು ಕಣ್ಣೊರೆಸಿಕೊಂಡರು.

ಸದಾಶಿವಪ್ಪನವರು ಗಾಡಿಯ ಗೂಟದ ಮೇಲಿಟ್ಟ ಕೈಯನ್ನು ತೆಗೆಯಲೂ ಇಲ್ಲ, ಗಾಡಿ ಹತ್ತಲೂ ಇಲ್ಲ. ಷಡಕ್ಷರಿ ಮಾತ್ರ ಯಾರನ್ನೂ ಕೇಳಲಿಲ್ಲ. ಜಗಲಿಯ ಮೇಲಿದ್ದ ನೀರಿನ ಚೊಂಬು ಎತ್ತಿಕೊಂಡು, "ಅತ್ತೆಮ್ಮ, ಒಂಚೂರು ಉಪ್ಪು ಕೊಡಿ" ಎಂದ. ಉಪ್ಪು ತಂದುಕೊಟ್ಟದ್ದು ವೀರಮ್ಮನಲ್ಲ, ಚನ್ನಾಜಮ್ಮ. ಅವನು ಬೀದಿ ದಾಟಿ ಹುಣಸೆಮರದಡಿಗೆ ಹೋದ.

"ಮಾವ, ಬಗ್ಗಿ. ನಾನು ನೀರು ಹುಯ್ತೀನಿ, ನೀವು ಮುಕ್ಕಳ್ಸಿ."

ಚೊಂಬು ಖಾಲಿಯಾಗುವ ತನಕ ಪುಟ್ಟಬಸಪ್ಪನವರು ಮುಕ್ಕಳಿಸಿದರು, ಅತ್ತರು, ಮತ್ತೆ ಮುಕ್ಕಳಿಸಿದರು. ಅದನ್ನು ನೋಡುತ್ತಿದ್ದ ಸದಾಶಿವಪ್ಪನವರು ಬಾಗಿಲ ಕಡೆ ತಿರುಗಿದರು.

"ಎಲ ಹಾಕ್ಸಮ್ಮ ತಂಗಿ. ಹೊಟ್ಟ ಹಸೀತದ. ಬೀಗ್ರ ಎಲ ನನ್ನ ಪಕ್ಕದಲ್ಲೇ ಇರ್ಲಿ. ಮಗಳ ಮನಗ ಬಂದ್ರ ಮರದಡಿ ನಿಂತ್ಕತೀನಿ ಅಂತಾರ, ಎಂಥಾ ಮಾತು ಅದು? ನಾವೇನು ಮನುಷ್ಯರಲ್ವಾ?"

ಊಟ ಚೆನ್ನಾಗಿ ನಡೆಯಿತು. ಪಾಯಸಕ್ಕೆ ಇಂಗಿನ ಘಾಟು ಹೇಗೆ ಬಂತೆಂದು ಯಾರೂ ಕೇಳಲಿಲ್ಲ. ಮುಂದಿನ ತಿಂಗಳು ಲಗ್ನವೆಂದು ಗೊತ್ತುಮಾಡಿ, ಹೊತ್ತು ಇಳಿಯುವ ಮುಂಚೆ ಬೀಗರು ಗಾಡಿ ಹೂಡಿದರು.

ಗಾಡಿ ಮರೆಯಾದ ಮೇಲೆ ವೀರಮ್ಮ ಒಂದು ಬೇವಿನ ಕಡ್ಡಿ, ನಾಲಗೆ ಹೆರೆಯಲು ಸೀಳಿದ ತೆಂಗಿನಗರಿಯ ಕಡ್ಡಿ, ಉಪ್ಪುನೀರು ತಂದು ಜಗಲಿಯ ಮೇಲೆ ಇಟ್ಟರು. ಪುಟ್ಟಬಸಪ್ಪನವರು ಉಪ್ಪುನೀರನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟರು.

"ಅಲ್ಲ, ಇಷ್ಟು ವರ್ಷ ಆಯ್ತಲ್ಲ," ಎಂದು ಕೊನೆಗೆ ಕೇಳಿದರು. "ನೀನಾರೂ ಒಂದು ಮಾತು ಯೋಳ್ಬೌದಾಗಿತ್ತು."

"ಯೋಳ್ಬೌದಾಗಿತ್ತು."

"ಮತ್ಯಾಕ ಯೋಳ್ನಿಲ್ಲ?"

ವೀರಮ್ಮ ಅವರ ಪಕ್ಕದಲ್ಲೇ ಕೂತು ಬೇವಿನ ಕಡ್ಡಿಯ ತುದಿಯನ್ನು ಕಲ್ಲಿನಲ್ಲಿ ಜಜ್ಜಿ ಮೆತ್ತಗೆ ಮಾಡಿದರು.

"ಯೋಳಿದ್ರ ನೀವು ಬೇಜಾರು ಮಾಡ್ಕಂಡು ಮಾತೇ ಬುಟ್ಬುಡ್ತಿದ್ರಿ. ನೀವು ಮಾತಾಡ್ದಿದ್ರ ಈ ಮನೇಲಿ ನಾನು ಹೆಂಗಿರದು?" ಎಂದು ಕಡ್ಡಿಯನ್ನು ಅವರ ಕೈಗೆ ಕೊಟ್ಟರು.